ಅಜ್ಜಂಪುರದ ಕೋವಿಗೆ ಯಾವ ಬಣ್ಣ?

ಬೀರೂರು ಜಂಕ್ಷನ್ನಿನಲ್ಲಿ ರೈಲುದಾರಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗೆಗೆ ಹೋಗುತ್ತದೆ; ಇನ್ನೊಂದು ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರುಗಳ ಮೂಲಕ ದಾವಣಗೆರೆ, ಹುಬ್ಬಳ್ಳಿಗಳತ್ತ ಸಾಗುತ್ತದೆ. ಆಷಾಢದ ದಿನಗಳಲ್ಲಿ ಈ ಜಂಕ್ಷನ್ನಿನ ಪ್ಲಾಟುಫಾರಮಿನ ಮೇಲೆ ನಿಂತವರಿಗೆ ಎರಡು ದಾರಿಗಳ ವ್ಯತ್ಯಾಸ ಪ್ರಯಾಣಿಕರ ಕೊಡೆಗಳಿಂದಲೇ ತಿಳಿದುಬಿಡುತ್ತದೆ. ಶಿವಮೊಗ್ಗೆಯ ಗಾಡಿಯಿಂದ ಇಳಿದವರ ಕೊಡೆಗಳು ತೊಟ್ಟಿಕ್ಕುತ್ತಿರುತ್ತವೆ. ಹುಬ್ಬಳ್ಳಿಯ ಗಾಡಿಯಿಂದ ಇಳಿದವರ ಕೊಡೆಗಳು, ಇದ್ದರೆ, ಬಿಸಿಲಿಗೆ ಬಿಚ್ಚಿರುತ್ತವೆ.

ಅಜ್ಜಂಪುರ ಈ ಎರಡು ಹವೆಗಳ ಗಡಿಯ ಮೇಲಿನ ಊರು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಸಣ್ಣಕತೆಗಳನ್ನು ಓದಿ ಬೆಳೆದ ಕುಟುಂಬಗಳಿಗೆ ಅದು ‘ಆನಂದ’ರ, ಎಂದರೆ ಅಜ್ಜಂಪುರ ಸೀತಾರಾಮರ, ಹೆಸರಿನೊಂದಿಗೆ ಪರಿಚಿತವಾದ ಊರು, ಪೇಟೆಯ ವ್ಯಾಪಾರಿಗಳಿಗೆ ಈರುಳ್ಳಿಯ ಊರು, ದನಗಳನ್ನು ಬಲ್ಲವರಿಗೆ ಅಮೃತಮಹಲಿನ ಊರು. ಊರ ಪಶ್ಚಿಮಕ್ಕೆ ನೋಡಿದರೆ, ತಿಳಿಯಾದ ದಿನಗಳಲ್ಲಿ, ಬಾಬಾಬುಡನ್ ಗಿರಿಶ್ರೇಣಿ ನೀಲಿಯ ಗೋಡೆಯಂತೆ ಕಾಣುತ್ತದೆ. ಕಡಲಿನಿಂದ ಬಂದ ಮುಂಗಾರಿನ ಮೋಡಗಳು ತಮ್ಮ ಹೊರೆಯ ಬಹುಪಾಲನ್ನು ಆ ಗೋಡೆಯ ಆಚೆಗೇ ಇಳಿಸಿ ಹಗುರಾಗಿ ಈಚೆಗೆ ಬರುತ್ತವೆ. ಪೂರ್ವಕ್ಕೆ ಹೊಸದುರ್ಗದವರೆಗೂ ಕುರುಚಲು ಪೊದೆ, ಹುಲ್ಲುಗಾವಲು, ಕಪ್ಪು ನೆಲ, ಕೆಂಪು ನೆಲ.

ಇಂಥ ಊರಿನಲ್ಲಿ ಒಂದು ಹಳೆಯ ಕೋವಿಯ ನಳಿಗೆಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದು ಮೊದಲ ನೋಟಕ್ಕೆ ಪ್ರಶ್ನೆಯೆಂದೇ ತೋರಲಾರದು. ಕೋವಿಗೆ ಬಣ್ಣವೇ! ಸೀರೆಗೆ ಅಂಚು ಆರಿಸುವಂತೆ ಕಬ್ಬಿಣಕ್ಕೆ ಬಣ್ಣ ಆರಿಸುವುದುಂಟೆ? ಉಂಟು. ಮನೆಯ ಅಟ್ಟದಲ್ಲಿಯೋ ದೇವರಮನೆಯ ಪಕ್ಕದ ಗೋಡೆಯ ಗೂಟದಲ್ಲಿಯೋ ತೂಗುವ ಕೇಪಿನ ಕೋವಿಯನ್ನು ಹಿರಿಯರಿಂದ ಪಡೆದವರು ಇಂದಲ್ಲ ನಾಳೆ ಈ ಪ್ರಶ್ನೆಯನ್ನು ಎದುರಿಸಲೇಬೇಕು. ತಪ್ಪಾಗಿ ಉತ್ತರಿಸಿದರೆ ಹೋಗುವುದು ಬಣ್ಣವೊಂದೇ ಅಲ್ಲ. ಕೋವಿಯೇ ಕೈತಪ್ಪಬಹುದು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಗಬಹುದು.

ಈ ನೆಲಕ್ಕೆ ಮದ್ದಿನ ವಾಸನೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಕರೆಸಿಕೊಂಡಿದ್ದ ಅರಮನೆಯ ಗೋಸಂಪತ್ತಿಗೆ ಟಿಪ್ಪುಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ಹೆಸರು ಹಾಲುಬೆಣ್ಣೆಯದಾದರೂ ಆ ಎತ್ತುಗಳ ಖ್ಯಾತಿ ತೋಪುಗಳನ್ನು ಎಳೆಯುವುದರಲ್ಲಿತ್ತು. ಹೈದರಾಲಿಯ ಸೈನ್ಯ ವೈರಿಗಳು ಬೆರಗಾಗುವಂತೆ ಊರಿಂದೂರಿಗೆ ಹಾರಿದುದು ಈ ಎತ್ತುಗಳ ಕಾಲಬಲದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಎತ್ತುಗಳು ಇಂಗ್ಲಿಷರ ತೋಪುಗಳಿಗೂ ಹೆಗಲು ಕೊಟ್ಟವು. 1929ರಲ್ಲಿ ಅಜ್ಜಂಪುರದಲ್ಲಿ ಸ್ಥಾಪನೆಯಾದ ತಳಿ ಸಂವರ್ಧನ ಕೇಂದ್ರದಲ್ಲಿ, ಕೊಂಬುಗಳನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಬೂದು ಮೈಯ ಆ ರಾಸುಗಳು ಈಗಲೂ ಹೊರಗಿನವರನ್ನು ಅನುಮಾನದಿಂದ ನೋಡುತ್ತವೆ. ಅಪರಿಚಿತರು ಬೇಲಿಯ ಈಚೆ ನಿಲ್ಲುವುದೇ ಕ್ಷೇಮ.

ಆ ದನಗಳಿಗೆಂದು ಬಿಟ್ಟ ಕಾವಲುಗಳು ಜಿಂಕೆಗಳಿಗೂ ಮೇವಾದವು. ಬಯಲ ಹುಲ್ಲಿನ ಕೃಷ್ಣಮೃಗವನ್ನು ಮರೆಯಿಂದ ಸಮೀಪಿಸಲು ಅಲ್ಲಿ ಮರಗಳಿಲ್ಲ. ಬೇಟೆಗಾರನಿಗೆ ಇದ್ದ ಮರೆ ಒಂದು ಪೊದೆ, ಒಂದು ಹುತ್ತ, ಹೆಚ್ಚೆಂದರೆ ಮೇಯುವ ದನದ ಮಗ್ಗುಲು. ಅಂಥ ಬಯಲಿನಲ್ಲಿ ಉಜ್ಜಿ ಬೆಳಗಿದ ನಳಿಗೆಯ ಮೇಲೆ ಬಿಸಿಲು ಬಿದ್ದರೆ ಕನ್ನಡಿ ಹಿಡಿದಂತೆ. ಹಿಂಡು ತಲೆಯೆತ್ತುತ್ತಿತ್ತು, ನೆಗೆಯುತ್ತಿತ್ತು, ಮರೆಯಾಗುತ್ತಿತ್ತು. ಆದುದರಿಂದ ಬಯಲುಸೀಮೆಯ ಈಡುಗಾರನು ನಳಿಗೆಯಿಂದ ಬೇಡಿದ್ದು ಒಂದೇ ಗುಣ: ಅದು ಹೊಳೆಯಬಾರದು.

ಗಿರಿಯ ಮಗ್ಗುಲಿನ ಲಿಂಗದಹಳ್ಳಿ, ಲಕ್ಕವಳ್ಳಿಗಳ ಕಡೆಯವನ ಕಷ್ಟ ಬೇರೆ. ಆರಿದ್ರೆಯಿಂದ ಮಘೆಯವರೆಗೆ ಅಲ್ಲಿ ಬಟ್ಟೆಯೇ ಒಣಗದಿರುವಾಗ ಕಬ್ಬಿಣ ಒಣಗುವುದೆಲ್ಲಿ? ಅವನು ಬೇಡಿದ ಗುಣವೂ ಒಂದೇ: ತುಕ್ಕು ಹಿಡಿಯಬಾರದು. ಹೊಳೆಯಬಾರದೆಂಬ ಬಯಲಿನವನೂ ತುಕ್ಕು ಬೇಡವೆಂಬ ಮಲೆನಾಡಿನವನೂ, ಬೇರೆ ಬೇರೆ ದಾರಿಯಲ್ಲಿ ಬಂದು, ಕಡೆಗೆ ಒಂದೇ ಬಣ್ಣದ ಮುಂದೆ ನಿಲ್ಲುತ್ತಾರೆಂಬುದೇ ಈ ವಿಷಯದ ಸ್ವಾರಸ್ಯ. ಆ ಬಣ್ಣ ಕಂದು. ಇನ್ನೂ ವಿಚಿತ್ರವೆಂದರೆ, ಆ ಕಂದು ಬಣ್ಣ ತುಕ್ಕೇ.

ತುಕ್ಕನ್ನು ತಡೆಯಲು ತುಕ್ಕನ್ನೇ ಹಚ್ಚುವ ಈ ವಿದ್ಯೆಯನ್ನು ಅರಿಯಬೇಕಾದರೆ ಕೆಮ್ಮಣ್ಣುಗುಂಡಿಯ ಕಡೆಗೊಮ್ಮೆ ಕಣ್ಣು ಹಾಯಿಸಬೇಕು. ಗುಲಾಬಿ ತೋಟಕ್ಕೂ ತಂಪಿಗೂ ಹೆಸರಾದ ಆ ಬೆಟ್ಟದ ಕೆಮ್ಮಣ್ಣು ಕಬ್ಬಿಣದ ಅದಿರು. ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ತುಕ್ಕೂ ಅದೇ ಜಾತಿಯದು. ಈ ಅದಿರನ್ನು ತಣಿಗೆಬೈಲಿಗೆ ತಂತಿಯ ಹಾದಿಯಲ್ಲಿ ಇಳಿಸಿ, ಅಲ್ಲಿಂದ ಭದ್ರಾವತಿಗೆ ಸಾಗಿಸಿ, 1923ರಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಕರಗಿಸುತ್ತಿದ್ದರು. ಅದಕ್ಕೂ ಬಹಳ ಹಿಂದೆ ಬಾಬಾಬುಡನ್ ಗಿರಿಯ ಪೂರ್ವದ ಗುಡ್ಡಗಳಲ್ಲಿಯೂ ಉಬ್ರಾಣಿಯ ಸುತ್ತಲೂ ಹಳ್ಳಿಯವರೇ ಇದ್ದಿಲ ಕುಲುಮೆಗಳಲ್ಲಿ ಕಬ್ಬಿಣ ತೆಗೆಯುತ್ತಿದ್ದುದುಂಟು. ಇಂದು ಗಣಿ ನಿಂತಿದೆ, ಪ್ರವಾಸಿಗರು ಬರುತ್ತಾರೆ. ಬೆಂಕಿಯಲ್ಲಿ ಅಷ್ಟು ಶ್ರಮದಿಂದ ಆಮ್ಲಜನಕವನ್ನು ಕಳೆದುಕೊಂಡ ಕಬ್ಬಿಣ ಜೀವಮಾನವೆಲ್ಲ ಮತ್ತೆ ಕೆಮ್ಮಣ್ಣಾಗಲು ಹವಣಿಸುತ್ತಿರುತ್ತದೆ. ಕೋವಿಯ ನಳಿಗೆಯ ಮೇಲೆ ಮಳೆಗಾಲದಲ್ಲಿ ಏಳುವ ಕೆಂಪು ಪುಡಿ ಅದರ ಮೊದಲ ಹೆಜ್ಜೆ.

ಆ ಪುಡಿ ಸಡಿಲವಾದುದು, ರಂಧ್ರಮಯವಾದುದು. ನೀರನ್ನು ಹೀರಿ ಹಿಡಿದುಕೊಂಡು ಕೆಳಗಿನ ಕಬ್ಬಿಣವನ್ನು ತಿನ್ನುತ್ತ ಹೋಗುತ್ತದೆ. ಆದರೆ ಅದೇ ತುಕ್ಕನ್ನು ಬೇಕೆಂದೇ ಬರಿಸಿ, ತೆಳುವಾಗಿ ಬಂದಾಗಲೇ ಸಡಿಲವಾದುದನ್ನು ಉಜ್ಜಿ ತೆಗೆದು, ಅಂಟಿ ಉಳಿದುದರ ಮೇಲೆ ಮತ್ತೊಂದು ಪದರ ಬರಿಸಿ, ಮತ್ತೆ ಉಜ್ಜಿ, ಹೀಗೆ ಪದರದ ಮೇಲೆ ಪದರವಾಗಿ ಬೆಳೆಸಿದರೆ ನುಣುಪಾದ, ಗಟ್ಟಿಯಾದ, ಹೊಳಪಿಲ್ಲದ ಕಂದು ಮೈ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಬ್ರೌನಿಂಗ್’ ಎಂದೇ ಹೆಸರು. ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಕಬ್ಬಿಣದ ದೋಸೆಹೆಂಚನ್ನು ಪಳಗಿಸಿದಂತೆ. ಹೊಸ ಹೆಂಚು ದೋಸೆಯನ್ನು ಬಿಡದು; ಎಣ್ಣೆ ಕುಡಿದು ಕಪ್ಪಾದ ಹೆಂಚು ಬಿಡುತ್ತದೆ. ನಳಿಗೆಯ ಕಂದು ಪದರವೂ ಎಣ್ಣೆಯನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನಿಜವಾಗಿ ಕಾಯುವುದು ಆ ಎಣ್ಣೆ. ಬಣ್ಣ ಅದರ ಪಾತ್ರೆ. ಬಣ್ಣ ಮಾಡಿಸಿದ ಮೇಲೆ ಎಣ್ಣೆಯನ್ನು ಮರೆತವರ ಕೋವಿ ಮುಂದಿನ ಮಳೆಗಾಲಕ್ಕೇ ಮಚ್ಚೆ ಮಚ್ಚೆಯಾಗುತ್ತದೆ.

ಕೆಲಸ ಸುಲಭದ್ದಲ್ಲ, ಅವಸರದ್ದಂತೂ ಅಲ್ಲವೇ ಅಲ್ಲ. ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಬಾಯಿಗೂ ಕೇಪು ಕೂರಿಸುವ ತೊಟ್ಟಿನ ರಂಧ್ರಕ್ಕೂ ಬಿರಡೆ ಬಡಿಯುತ್ತಾರೆ. ಒಳಗೆ ದ್ರಾವಣ ಇಳಿಯಬಾರದು. ಸೋಡದ ನೀರಿನಲ್ಲಿ ತಿಕ್ಕಿ ಜಿಡ್ಡಿನ ಲೇಶವೂ ಉಳಿಯದಂತೆ ತೊಳೆಯುತ್ತಾರೆ. ಆಮೇಲೆ ಬರಿಗೈ ಸೋಕಿಸುವಂತಿಲ್ಲ; ಒಂದು ಬೆರಳ ಗುರುತು ಬಿದ್ದರೂ ಅಲ್ಲಿ ಬಣ್ಣ ಹಿಡಿಯದು. ನವಸಾಗರ, ಮೈಲುತುತ್ತ ಮೊದಲಾದ ಲವಣಗಳನ್ನೋ ಆಮ್ಲಗಳನ್ನೋ ಕೂಡಿಸಿದ ತೆಳು ದ್ರಾವಣವನ್ನು, ಒದ್ದೆಯಾಯಿತೋ ಇಲ್ಲವೋ ಎಂಬಷ್ಟೇ, ಬಟ್ಟೆಯಿಂದ ಒಂದೇ ಎಳೆತದಲ್ಲಿ ಸವರಿ, ತೇವವಿರುವ ಕೋಣೆಯಲ್ಲಿ 12 ಗಂಟೆಯಿಂದ 24 ಗಂಟೆಯವರೆಗೆ ನಿಲ್ಲಿಸುತ್ತಾರೆ. ಎಳೆಯ ತುಕ್ಕು ಮಖಮಲ್ಲಿನಂತೆ ಏಳುತ್ತದೆ. ನವಿರಾದ ತಂತಿಯ ಕುಂಚದಿಂದ ಅದನ್ನು ಉಜ್ಜಿ, ಮತ್ತೆ ದ್ರಾವಣ, ಮತ್ತೆ ಕಾಯುವಿಕೆ. ಐದಾರು ಸಾರಿಗೆ ಬಣ್ಣ ಬಂದರೂ ಒಳ್ಳೆಯ ಕೆಲಸಗಾರರು ಹತ್ತು ಸಾರಿಯವರೆಗೂ ಹೋಗುವುದುಂಟು. ಕೊನೆಗೆ ಸೋಡ ಬೆರೆಸಿದ ಕುದಿಯುವ ನೀರಿನಿಂದ ಆಮ್ಲವನ್ನು ಅಡಗಿಸಿ, ನಳಿಗೆ ಬಿಸಿಯಾಗಿರುವಾಗಲೇ ಎಣ್ಣೆಯನ್ನೋ ಜೇನುಮೇಣವನ್ನೋ ತಿಕ್ಕುತ್ತಾರೆ. ಒಣಹವೆಯಲ್ಲಿ ಈ ಕೆಲಸ ಸಾಗದು. ಅಜ್ಜಂಪುರದ ಪೂರ್ವದ ಹಳ್ಳಿಗಳಲ್ಲಿ ಬೇಸಗೆಯ ದಿನ ತುಕ್ಕು ಕರೆದರೂ ಬಾರದು. ಬೆಟ್ಟದ ಮಗ್ಗುಲಿನಲ್ಲಿ ಶ್ರಾವಣದಲ್ಲಿ ಬೇಡವೆಂದರೂ ನಿಲ್ಲದು.

ಕಂದು ಪದರವಿರುವ ನಳಿಗೆಯನ್ನು ಪ್ರತಿ ಸಾರಿಯೂ ಶುದ್ಧ ನೀರಿನಲ್ಲಿ ಕುದಿಸಿದರೆ ಬಣ್ಣ ನೀಲಿಗಪ್ಪಾಗುತ್ತದೆ. ಕೆಂಪು ಆಕ್ಸೈಡು ಅಯಸ್ಕಾಂತಶಿಲೆಯ ಜಾತಿಯ ಕಪ್ಪು ಆಕ್ಸೈಡಾಗುವುದೇ ಅದರ ಗುಟ್ಟು. ನೋಡುವುದಕ್ಕೆ ಇದು ಅಂದ; ಪೇಟೆಯ ಅಂಗಡಿಗಳ ತೋಟಾ ಕೋವಿಗಳೆಲ್ಲ ಈ ಮೈಬಣ್ಣದವೇ. ಆದರೆ ಇಂದಿನ ಕಾರ್ಖಾನೆಗಳು ಇಷ್ಟು ದಿನ ಕಾಯುವುದಿಲ್ಲ. ಕಾಸ್ಟಿಕ್ ಸೋಡದ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ ಅದರಲ್ಲಿ ನಳಿಗೆಯನ್ನು ಅದ್ದಿದರೆ ಅರ್ಧ ಗಂಟೆಯೊಳಗೆ ಕಪ್ಪಾಗುತ್ತದೆ. ಹೊಸ ಉಕ್ಕಿಗೆ ಅದು ಸರಿ. ಹಳೆಯ ಜೋಡಿ ನಳಿಗೆಗೆ ಅದೇ ಮೃತ್ಯು: ಎರಡು ನಳಿಗೆಗಳನ್ನು ಕೂಡಿಸಿದ ತವರದ ಬೆಸುಗೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ. ಪಟ್ಟಿ ಸುತ್ತಿ ಬೆಸೆದ ‘ಡಮಾಸ್ಕಸ್’ ನಳಿಗೆಯಾದರೆ ಇನ್ನೂ ಎಚ್ಚರ ಬೇಕು. ಕಬ್ಬಿಣ, ಉಕ್ಕುಗಳ ಎಳೆಗಳನ್ನು ಹೆಣೆದು, ಸುರುಳಿ ಸುತ್ತಿ, ಬಡಿದು ಮಾಡಿದ ಆ ನಳಿಗೆಗಳ ಅಲೆಯಲೆಯಾದ ಚಿತ್ತಾರ ಎದ್ದು ಕಾಣುವುದು ಕಂದು ಬಣ್ಣದಲ್ಲಿಯೇ. ಕಬ್ಬಿಣದ ಎಳೆ ಒಂದು ಬಗೆಯಾಗಿ, ಉಕ್ಕಿನ ಎಳೆ ಇನ್ನೊಂದು ಬಗೆಯಾಗಿ ಬಣ್ಣ ಹಿಡಿಯುವುದರಿಂದ ಹಾಗೆ. ಲೋಕವೆಲ್ಲ ‘ವೂಟ್ಸ್’ ಎಂದು ಕೊಂಡಾಡಿದ ದಕ್ಷಿಣದೇಶದ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುವುದನ್ನು ಇಲ್ಲಿ ನೆನೆದು ಸಂತೋಷಪಡಬಹುದು. ಆದರೆ ಹೆಣೆದ ನಳಿಗೆ ಬೇರೆ, ಮೂಸೆಯಲ್ಲಿ ಕರಗಿಸಿದ ವೂಟ್ಸ್ ಬೇರೆ. ಅಲೆ ಕಂಡೊಡನೆ ಎರಡನ್ನೂ ಒಂದೆನ್ನುವುದು ಸಲ್ಲದು.

ಇನ್ನುಳಿದ ಬಣ್ಣಗಳನ್ನು ಬೇಗನೆ ಮುಗಿಸಬಹುದು. ನಿಕ್ಕಲಿನ ಮುಲಾಮು ಮದುವೆಮನೆಯ ತಟ್ಟೆಗೆ ಚೆನ್ನ. ಅದರ ಕೆಳಗೆ ಒಮ್ಮೆ ತೇವ ಇಳಿದರೆ ಸಿಪ್ಪೆಯಂತೆ ಏಳುತ್ತದೆ. ಎಣ್ಣೆಬಣ್ಣ ಬಳಿಯುವವರೂ ಇದ್ದಾರೆ. ಕಿಟಕಿಯ ಸರಳಿಗೆ ಬಳಿದಂತೆ ಕೋವಿಗೂ ಬಳಿದು, ಒಳಗೊಳಗೇ ತುಕ್ಕು ತಿನ್ನುವುದನ್ನು ಕಾಣದಂತೆ ಮುಚ್ಚಿಬಿಡುವುದು ಜಾಣತನವಲ್ಲ. ಬಾಯಿಂದ ತುಂಬುವ ಕೋವಿಗೆಂದೇ ಪ್ರತ್ಯೇಕ ಬೇಟೆಯ ಋತುವನ್ನು ಗೊತ್ತುಮಾಡಿರುವ ಅಮೆರಿಕದ ಸಂಸ್ಥಾನಗಳಲ್ಲಿ ತುಕ್ಕುರಹಿತ ಉಕ್ಕಿನ ನಳಿಗೆಗಳೂ ಬಂದಿವೆ. ಮಸಿಯನ್ನು ತೊಳೆಯದೆ ಬಿಟ್ಟರೆ ಅವುಗಳಿಗೂ ಕಲೆ ಹಿಡಿಯುತ್ತದೆ.

ಮಸಿಯ ಮಾತು ಬಂದುದರಿಂದ ಹೇಳಬೇಕು. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಹಳೆಯ ಕರಿಮದ್ದು ಸುಟ್ಟಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹಾರುವ, ನಳಿಗೆಯಲ್ಲಿ ಉಳಿಯುವ ಘನ ಲವಣಗಳಾಗುತ್ತದೆ. ಆ ಲವಣಗಳು ಗಾಳಿಯ ತೇವವನ್ನು ಹೀರುವುದರಲ್ಲಿ ಅಡಿಗೆಯ ಉಪ್ಪಿಗಿಂತ ಮುಂದು. ಈಡು ಹಾರಿಸಿದ ರಾತ್ರಿಯೇ ತೊಳೆಯದಿದ್ದರೆ ಬೆಳಗಾಗುವುದರೊಳಗೆ ನಳಿಗೆಯ ಒಳಮೈ ಕೆಂಪೇರುತ್ತದೆ. ಎಣ್ಣೆಯಿಂದ ಅದು ಹೋಗದು, ನೀರಿನಿಂದಲೇ ಕರಗಬೇಕು. ಕುದಿಯುವ ನೀರು ಸುರಿದರೆ ಲವಣವೂ ಕರಗುತ್ತದೆ, ನಳಿಗೆಯೂ ಕಾದು ತಾನಾಗಿ ಒಣಗುತ್ತದೆ. ಹೊರಗಿನ ಬಣ್ಣದ ಬಗೆಗೆ ವಾರಗಟ್ಟಲೆ ಚರ್ಚಿಸಿ ಒಳಗಿನ ಮಸಿಯನ್ನು ಮರೆಯುವವರನ್ನು ಕಂಡರೆ ಹಳೆಯ ಈಡುಗಾರರು ನಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹೊಳಪಿನ ಮೋಹ ಈಡುಗಾರನಿಗಿಂತ ಸಿಪಾಯಿಗೆ ಹೆಚ್ಚು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ಬಂದೂಕುಗಳ ನಳಿಗೆ ಬಿಳಿಯ ಹೊಳಪಿನದು. ಇಟ್ಟಿಗೆಯ ಪುಡಿಯಿಂದ ಉಜ್ಜಿ ಉಜ್ಜಿ ಬೆಳಗುವುದೇ ಶಿಸ್ತೆನಿಸಿತ್ತು. ಉಜ್ಜಿದಂತೆಲ್ಲ ಕಬ್ಬಿಣ ಸವೆಯುತ್ತಿತ್ತು. 1800ರ ವೇಳೆಗೆ ಇಂಗ್ಲೆಂಡಿನ ರೈಫಲ್ ಪಡೆಗೆ ಕೊಟ್ಟ ಬೇಕರ್ ರೈಫಲಿನ ನಳಿಗೆಗೆ ಕಂದು ಬಣ್ಣ ಮಾಡಿಸಿದರು. 1815ರ ಸುಮಾರಿಗೆ ಸಾಮಾನ್ಯ ಸಿಪಾಯಿಯ ಬಂದೂಕಿಗೂ ಅದೇ ಆಜ್ಞೆಯಾಯಿತು. ಮೈಸೂರಿನ ಹಳ್ಳಿಗಳ ಕೇಪಿನ ಕೋವಿಗಳು ಈ ಪರಂಪರೆಯ ಮೊಮ್ಮಕ್ಕಳು.

ಅಜ್ಜಂಪುರದ ಸುತ್ತಿನಲ್ಲಿ ಕೋವಿ ಮೋಜಿನ ವಸ್ತುವಷ್ಟೇ ಆಗಿರಲಿಲ್ಲ. ಕೆನೆತ್ ಆಂಡರ್ಸನ್ನರು 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಗೆ ಒಂದು ಅಧ್ಯಾಯ, ಕಡೂರಿನ ಕಡೆಯ ಎಮ್ಮೆದೊಡ್ಡಿಯ ನರಭಕ್ಷಕ ಹುಲಿಗೆ ಇನ್ನೊಂದು ಅಧ್ಯಾಯ ಮೀಸಲಾಗಿವೆ. ಎರಡೂ ಅಜ್ಜಂಪುರಕ್ಕೆ ದೂರದ ಸೀಮೆಗಳಲ್ಲ. ಆಂಡರ್ಸನ್ನರ ಕೈಯಲ್ಲಿ ಹೊಸ ಕಾಲದ ರೈಫಲಿತ್ತು; ಹಳ್ಳಿಯವನ ಕೈಯಲ್ಲಿದ್ದುದು ಒಂದು ಈಡಿನ ಕೇಪಿನ ಕೋವಿ. ಆ ಒಂದು ಈಡು ತಪ್ಪಿದರೆ ಮತ್ತೆ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಕೇಪು ಕೂರಿಸುವವರೆಗೆ ಹುಲಿ ಕಾಯುವುದೆ?

ಆ ಕಾಲ ಮುಗಿಯಿತು. ಜಾಗರದ ಕಣಿವೆ 1951ರಲ್ಲಿಯೇ ವನ್ಯಮೃಗಗಳ ರಕ್ಷಿತಧಾಮವಾಯಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳೊಡನೆ ಕೂಡಿ ಭದ್ರಾ ಅಭಯಾರಣ್ಯವೆನಿಸಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಹವ್ಯಾಸಕ್ಕೆ ತೆರೆಯೆಳೆಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ನಳಿಗೆಯ ಮಿಂಚಿಗೆ ಬೆಚ್ಚುತ್ತಿದ್ದ ಹಿಂಡುಗಳ ಸಂತತಿ ಈಗ ಅಲ್ಲಿ ಕ್ಯಾಮರಾಗಳ ಮಿಂಚಿಗೆ ತಲೆಯೆತ್ತುತ್ತದೆ.

ಆದರೂ ಕೋವಿ ಮಾಯವಾಗಿಲ್ಲ. 1959ರ ಆಯುಧಗಳ ಕಾಯಿದೆಯಲ್ಲಿ, ಬೆಳೆಯ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತು ಸ್ಪಷ್ಟವಾಗಿಯೇ ಬಂದಿದೆ. ಹೊಲದ ಅಂಚಿನಲ್ಲಿ ಹಂದಿಯ ಹಿಂಡು ಇಳಿದ ರಾತ್ರಿ ರೈತನಿಗೆ ಆ ಸದ್ದೊಂದೇ ಸಾಕು. ಅದೇ ಕಾಯಿದೆಯ ಇನ್ನೆರಡು ಮಾತುಗಳನ್ನು ಬಣ್ಣದ ಆಸೆಯುಳ್ಳವರು ಓದಿಕೊಳ್ಳಬೇಕು. ಕೋವಿಯನ್ನು ದುರಸ್ತಿ ಮಾಡುವ ಕಸುಬಿಗೆ ಪರವಾನಗಿ ಬೇಕೆಂಬುದು ಒಂದು. ಆದುದರಿಂದ ಊರ ಕುಲುಮೆಯವನ ಸ್ನೇಹ ಎಷ್ಟೇ ಹಳೆಯದಾದರೂ ನಳಿಗೆಯನ್ನು ಅವನ ಕೈಗೆ ಕೊಡುವಂತಿಲ್ಲ. ಕೋವಿಯ ಮೇಲೆ ಕೊರೆದ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧವೆಂಬುದು ಎರಡನೆಯದು. ಹಳೆಯ ನಳಿಗೆಗಳ ಸಂಖ್ಯೆ ಆಳವಾಗಿ ಕೊರೆದುದಲ್ಲ. ಬಣ್ಣಕ್ಕೆ ಮೊದಲು ನುಣುಪು ಬರಲೆಂದು ಉಜ್ಜುಕಾಗದ ಹಿಡಿದು ಉತ್ಸಾಹದಿಂದ ಒಂದು ಗಂಟೆ ತಿಕ್ಕಿದರೆ ಸಾಕು, ಪರವಾನಗಿ ಪುಸ್ತಕದಲ್ಲಿ ಬರೆದ ಸಂಖ್ಯೆ ನಳಿಗೆಯ ಮೇಲಿರುವುದಿಲ್ಲ. ಆ ಕೋವಿ ತನ್ನದೆಂದು ರುಜುವಾತು ಮಾಡುವ ದಾರಿಯನ್ನು ಮಾಲೀಕನೇ ಕೈಯಾರ ಅಳಿಸಿದಂತಾಗುತ್ತದೆ.

ಅಜ್ಜಂಪುರದ ಸುತ್ತಿನ ಯಾವುದಾದರೂ ಹಳ್ಳಿಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ನವರಾತ್ರಿಯ ರಜೆಗೆ ಬಂದಿದ್ದಾನೆ. ಅಜ್ಜನ ಕೋವಿ ತಂದೆಯ ಹೆಸರಿಗೆ ಪರವಾನಗಿಯಾಗಿ ವರ್ಷಗಳಾಗಿವೆ. ಮಗನಿಗೆ ಅದರ ಮಂಕು ಮೈ ಸಹಿಸುವುದಿಲ್ಲ.

“ಅಪ್ಪಾ, ಇದನ್ನು ಕನ್ನಡಿಯಂತೆ ಬೆಳಗಿಸಿ ಕಪ್ಪು ಹಾಕಿಸಿಬಿಡೋಣ. ಹೊಸದರಂತೆ ಕಾಣುತ್ತದೆ.”

“ಹೊಸದು ಯಾಕಪ್ಪ ಕಾಣಬೇಕು? ಹಳೆಯದೇ ತಾನೆ” ಎನ್ನುತ್ತಾರೆ ತಂದೆ. “ಕಳೆದ ಚುನಾವಣೆಯಲ್ಲಿ ಠಾಣೆಗೆ ಠೇವಣಿ ಇಟ್ಟು ಬಂದದ್ದು. ತಿಂಗಳುಗಟ್ಟಲೆ ಯಾರೂ ಎಣ್ಣೆ ಸೋಕಿಸಲಿಲ್ಲ. ನಿನ್ನ ಕನ್ನಡಿ ಆಗಿದ್ದಿದ್ದರೆ ಏನಾಗುತ್ತಿತ್ತು ಹೇಳು.”

ಜಗಲಿಯ ಮೂಲೆಯಿಂದ ಅಜ್ಜಿ ಬಾಯಿ ಹಾಕುತ್ತಾರೆ. “ನಿಮ್ಮಜ್ಜ ಹಂಡೆ ನೀರು ಕುದಿಸು ಅಂದರೆ ಸಾಕು, ಈಡು ಹಾರಿಸಿ ಬಂದಿದ್ದಾರೆ ಅಂತ ನನಗೆ ಗೊತ್ತಾಗೋದು. ತೊಳೆದ ಮೇಲೇ ಊಟ. ಬಣ್ಣ ಗಿಣ್ಣ ನಾನು ಕಾಣೆ ಮಗಾ.”

ಈ ಮೂವರಲ್ಲಿ ಗೆದ್ದವರು ಅಜ್ಜಿಯೆಂದೇ ಹೇಳ\u200cಬೇಕು. ಹಳೆಯ ನಳಿಗೆಯ ಮೇಲೆ ದಶಕಗಳಿಂದ ಕೂತ ಕಂದು, ಕೆಲಸಗಾರನು ಮಾಡಿದ್ದಿರಲಿ ಕಾಲವೇ ಮಾಡಿದ್ದಿರಲಿ, ಅಲ್ಲಾಡದೆ ಅಂಟಿಕೊಂಡಿದ್ದರೆ ಅದನ್ನು ಕೆದಕಬೇಕಾದ ಕಾರಣವಿಲ್ಲ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಮಾತ್ರ ರೋಗ ಜೀವಂತವಾಗಿದೆಯೆಂದು ತಿಳಿಯಬೇಕು. ಆಗಲೂ ಎಣ್ಣೆಯಲ್ಲಿ ನೆನೆಸಿದ ನವಿರಾದ ಉಕ್ಕಿನ ನಾರಿನಿಂದ ಆ ಜಾಗವನ್ನಷ್ಟೇ ಸವರುವುದು ಲೇಸು. ನಳಿಗೆ ಪೂರ್ತಿ ಬರಿಮೈಯಾಗಿದ್ದು ಹೊಲ ಕಾಯುವ ಕೆಲಸದಲ್ಲಿಯೂ ಇದ್ದರೆ ಕಂದು ಬಣ್ಣ ಮಾಡಿಸುವುದು ತಕ್ಕದ್ದು. ಕಪ್ಪು ನಳಿಗೆ ಬೇಕೇ ಬೇಕೆನ್ನುವವರು ಕುದಿಸಿ ಕಪ್ಪಾಗಿಸುವ ಹಳೆಯ ಪದ್ಧತಿಯನ್ನೇ ಕೇಳಿ ಪಡೆಯಬೇಕು. ಇವೆಲ್ಲಕ್ಕೂ ಮೊದಲಿನ ಕೆಲಸ ಇನ್ನೊಂದಿದೆ. ಅಜ್ಜನ ಕಾಲದ ಈಡು ನಳಿಗೆಯೊಳಗೇ ಉಳಿದಿರುವುದುಂಟು. ತೇವ ತಾಗದಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಸಾಯುವುದಿಲ್ಲ. ಗಜವನ್ನು ಒಳಗಿಳಿಸಿ ಬಾಯಿಯ ಬಳಿ ಗುರುತು ಹಾಕಿಕೊಂಡು, ಅದೇ ಗಜವನ್ನು ಹೊರಗೆ ನಳಿಗೆಯ ಮಗ್ಗುಲಿಗೆ ಹಿಡಿದು ನೋಡಿದರೆ ಬುಡದವರೆಗೆ ಹೋಯಿತೋ ನಡುವೆ ನಿಂತಿತೋ ತಿಳಿಯುತ್ತದೆ. ನಡುವೆ ನಿಂತರೆ ಕೋವಿಯನ್ನು ಮುಟ್ಟದೆ ಬಲ್ಲವರನ್ನು ಕರೆಯಬೇಕು.

ಕೋವಿಗೆ ಹಬ್ಬ ಮಾಡುವುದರಲ್ಲಿ ಕೊಡಗಿನವರನ್ನು ಮೀರಿಸುವವರಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಘೋಷಣೆಯಿಂದ ದೊರೆತ ಆಯುಧದ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಅವರಿಗೆ ಮುಂದುವರಿದು ಬಂದಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಅವರು ಕೋವಿಯ ಬಾಯಿಗೆ ‘ತೋಕ್ ಪೂ’ ಎಂಬ ಬೆಂಕಿಬಣ್ಣದ ಕಾಡುಹೂವನ್ನು ಸಿಕ್ಕಿಸುತ್ತಾರೆ. ಅಜ್ಜಂಪುರದ ಕಡೆ ಆ ಗೌರವ ಆಯುಧಪೂಜೆಯ ದಿನ. ನೇಗಿಲು, ಕುಡುಗೋಲು, ಮೋಟಾರು ಸೈಕಲ್ಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕೋವಿಯೂ ಕೂರುತ್ತದೆ.

ಪೂಜೆಯ ಮರುದಿನ ಅದರ ಮೇಲೆ ಕಣ್ಣಿಡುವುದು ಅಗತ್ಯ. ಒದ್ದೆ ಗಂಧ, ಒದ್ದೆ ಕುಂಕುಮ, ಚೆಂಡುಹೂವಿನ ಮಾಲೆಯ ನೀರು, ಎಲ್ಲವೂ ಕಬ್ಬಿಣಕ್ಕೆ ಆಗದವು. ಬರಿಮೈಯ ನಳಿಗೆಯಾದರೆ ಬೊಟ್ಟಿನ ಆಕಾರದಲ್ಲಿಯೇ ತುಕ್ಕು ಮೂಡಿರುತ್ತದೆ. ಕೋವಿಯನ್ನು ಮತ್ತೆ ಚರ್ಮದ ಚೀಲದೊಳಗೆ ತುರುಕುವುದೂ ಒಳಿತಲ್ಲ. ಚರ್ಮ ತೇವವನ್ನು ಹಿಡಿಯುತ್ತದೆ, ಹದಮಾಡಿದ ಲವಣಗಳನ್ನೂ ಬಿಡುತ್ತದೆ. ಗೋಡೆಗೆ ಒರಗಿಸದೆ ಗಾಳಿಯಾಡುವಂತೆ ಗೂಟಕ್ಕೆ ಇಡುವುದು ಹಳ್ಳಿಯವರ ಹಳೆಯ ಕ್ರಮ. ಬೀಗದೊಳಗಿಡಬೇಕಾದ ಈ ಕಾಲದಲ್ಲಿ ಬೀರುವಿನೊಳಗೂ ಅಷ್ಟು ಗಾಳಿಗೆ ಎಡೆ ಬಿಡಬೇಕು.

ಆ ಕಲ್ಪನೆಯ ಮನೆಯಲ್ಲಿ ಈ ವರ್ಷ ಕೋವಿಯನ್ನು ಬೆಂಗಳೂರಿಗೆ ಒಯ್ಯಲಿಲ್ಲ. ಮಗನೇ ಹಿತ್ತಲಿನಲ್ಲಿ ನೀರು ಕುದಿಸಿದ್ದಾನೆ. ತಂದೆ ಕನ್ನಡಕ ಏರಿಸಿ ಪರವಾನಗಿ ಪುಸ್ತಕವನ್ನು ಒಂದು ಕೈಯಲ್ಲಿಯೂ ನಳಿಗೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಸಂಖ್ಯೆಯನ್ನು ಒಂದೊಂದಾಗಿ ಓದುತ್ತಿದ್ದಾರೆ. ಅಜ್ಜಿ ಕುಂಕುಮದ ಬಟ್ಟಲನ್ನು ತಂದು, ಕಬ್ಬಿಣವನ್ನು ಬಿಟ್ಟು, ಮರದ ಹಿಡಿಯ ಮೇಲೆ ಬೊಟ್ಟಿಟ್ಟರು.